ನೀಲಮ್ಮನವರ ಕೊಪ್ಪರಿಗೆ

ಹೋದ ವರ್ಷ ದೀಪಾವಳಿ ಕಳೆದ ಮೇಲೆ, ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಕಡೂರಿನಲ್ಲಿ ಪಂಚನಹಳ್ಳಿ ಕಡೆಯ ಬಸ್ಸು ಹತ್ತಿದ್ದೆ. ಕಿಟಕಿ ಪಕ್ಕ ಕೂತು ತೂಕಡಿಸುತ್ತಿದ್ದವಳನ್ನು ಒಂದು ವಾಸನೆ ಎಬ್ಬಿಸಿತು. ಕೆಸರು, ಪಾಚಿ, ಎಮ್ಮೆಯ ಮೈ, ಬಿಸಿಲಿಗೆ ಒಣಗುತ್ತಿರುವ ಜೊಂಡು, ಎಲ್ಲ ಸೇರಿದ ವಾಸನೆ. ಕಣ್ಣು ಬಿಟ್ಟರೆ ಬಸ್ಸು ಯಾವುದೋ ಕೆರೆಯ ಏರಿ ಮೇಲೆ ಹೋಗುತ್ತಿದೆ. ಎಡಗಡೆ ಕಣ್ಣು ಹಾಯುವಷ್ಟು ನೀರು. ಪಕ್ಕದ ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿ ಮುಖ ಹೊರಗಿಟ್ಟೆ. ಹೊಸದಾಗಿ ತುಂಬಿದ ಕೆರೆಯ ವಾಸನೆ ಅದು. ಹಳೆ ಕೆರೆಗೆ, ವರ್ಷವಿಡೀ ನೀರಿರುವ ಕೆರೆಗೆ ಆ ವಾಸನೆ ಇರುವುದಿಲ್ಲ. ನನ್ನ ಬದುಕಿನಲ್ಲಿ ಅದನ್ನು ಚೆನ್ನಾಗಿ ಮೂಸಿದ್ದು ಒಂದೇ ವರ್ಷ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಮೊದಲ ನೌಕರಿ ಸಿಕ್ಕಿದ್ದು ಕಡೂರು ತಾಲ್ಲೂಕಿನ ಬಿಳಿಕಲ್ಲಹಳ್ಳಿಯಲ್ಲಿ. ಒಬ್ಬರೇ ಮೇಷ್ಟರಿರುವ ಶಾಲೆ. ಆ ಒಬ್ಬರು ನಾನೇ. ನಮ್ಮ ಊರು ತರೀಕೆರೆ. ಅಬ್ಬಾ ಅಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಮದುವೆಯಾಗದ ಮಗಳನ್ನು ಒಬ್ಬಳೇ ಹಳ್ಳಿಗೆ ಕಳಿಸುವುದು ಹೇಗೆ ಎಂದು ಅಮ್ಮಿ ಅಳುತ್ತಾ ಕೂತಾಗ, ಅಬ್ಬಾನ ತಾಯಿ, ನಮ್ಮ ದಾದಿಮಾ, ಮೂಲೆಯಲ್ಲಿದ್ದ ತಮ್ಮ ಟ್ರಂಕನ್ನು ಎಳೆದುಕೊಂಡು ಬಂದು ಬಾಗಿಲ ಹತ್ತಿರ ಇಟ್ಟರು.

“ನಾನು ಹೋಗ್ತೀನಿ ಇವಳ ಜೊತೆ. ಅಳೋದಕ್ಕೆ ಏನಿದೆ ಇದರಲ್ಲಿ? ಹುಡುಗಿಗೆ ಸರ್ಕಾರಿ ಕೆಲಸ ಸಿಕ್ಕಿದೆ, ಜ್ವರ ಬಂದಿಲ್ಲ.”

ಶಿವರಾತ್ರಿ ಕಳೆದ ವಾರ ನಾವಿಬ್ಬರೂ ಬಿಳಿಕಲ್ಲಹಳ್ಳಿಯಲ್ಲಿ ಬಸ್ಸಿಳಿದೆವು. ತರೀಕೆರೆಯಿಂದ ಬೀರೂರಿಗೆ ರೈಲು, ಅಲ್ಲಿಂದ ಕಡೂರು, ಕಡೂರಿನಿಂದ ಇನ್ನೊಂದು ಬಸ್ಸು. ಅರ್ಧ ದಿನದ ಪ್ರಯಾಣ, ಆದರೆ ಬೇರೆ ದೇಶಕ್ಕೆ ಬಂದ ಹಾಗಿತ್ತು. ತರೀಕೆರೆಯಲ್ಲಿ ಗುಡ್ಡ ಬೆನ್ನಿಗೇ ಇರುತ್ತದೆ, ಕಾಲುವೆ ನೀರು ಹಿತ್ತಲ ಪಕ್ಕದಲ್ಲೇ ಹರಿಯುತ್ತದೆ. ಇಲ್ಲಿ ಭೂಮಿ ಚಪ್ಪಟೆಯಾಗಿ ಬಿದ್ದುಕೊಂಡಿತ್ತು. ಬೆಣಚುಕಲ್ಲಿನ ಬಿಳಿ ಚೂರುಗಳು ಎಲ್ಲೆಲ್ಲೂ ಹೊಳೆಯುತ್ತಿದ್ದವು. ಊರಿನ ಹೆಸರು ಅದರಿಂದಲೇ ಬಂದದ್ದಂತೆ. ಕಾವಲಿನ ಹುಲ್ಲು ಒಣಗಿ ಕುರಿಯ ಬಣ್ಣಕ್ಕೆ ತಿರುಗಿತ್ತು, ಹಾಗಾಗಿ ಕುರಿಮಂದೆ ಅದರೊಳಗೆ ಹೊಕ್ಕರೆ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ತೆಂಗಿನ ಮರಗಳ ಗರಿಗಳು ಜೋತುಬಿದ್ದಿದ್ದವು. ಪಡುವಣದಲ್ಲಿ, ಬಹಳ ದೂರದಲ್ಲಿ, ಬಾಬಾಬುಡನ್ ಗಿರಿಯ ಸಾಲು ನೀಲಿ ಗೆರೆಯಂತೆ ಕಾಣುತ್ತಿತ್ತು. ಮುಂಗಾರಿನಲ್ಲಿ ಅಲ್ಲಿ ಮೋಡ ಕವಿಯುವುದು, ಮಿಂಚುವುದು, ಮಳೆಯ ಪರದೆ ಇಳಿಯುವುದು ಎಲ್ಲವನ್ನೂ ಬಿಳಿಕಲ್ಲಹಳ್ಳಿಯವರು ಜಗಲಿ ಮೇಲೆ ಕೂತು ನೋಡುತ್ತಿದ್ದರು. ಮಳೆ ಮಾತ್ರ ಇತ್ತ ಬರುತ್ತಿರಲಿಲ್ಲ.

ನಾನು ದಾದಿಮಾ, ದಾದಿಮಾ ಎಂದು ಕರೆಯುವುದನ್ನು ಕೇಳಿ ಊರಿನವರಿಗೆ ಒಂದು ತಪ್ಪು ತಿಳಿವಳಿಕೆಯಾಯಿತು. ಟೀಚರಮ್ಮನ ಜೊತೆಗೆ ಸರ್ಕಾರದವರು ಒಬ್ಬ ದಾದಿಯನ್ನೂ ಕಳಿಸಿದ್ದಾರೆ ಎಂದುಕೊಂಡರು. ಮಾರನೇ ಬೆಳಿಗ್ಗೆ ಬಾಗಿಲಲ್ಲಿ ಕೆಮ್ಮುವ ಮಕ್ಕಳನ್ನು ಎತ್ತಿಕೊಂಡ ಹೆಂಗಸರು ನಿಂತಿದ್ದರು. ನಾನು ವಿವರಿಸಲು ಹೋದರೆ ದಾದಿಮಾ ಕಣ್ಣಲ್ಲೇ ತಡೆದು, ಓಮದ ನೀರು ಕಾಯಿಸಿ ಎಲ್ಲರಿಗೂ ಕೊಟ್ಟರು. ಮಕ್ಕಳ ಕೆಮ್ಮು ಇಳಿಯಿತು. ಅಲ್ಲಿಗೆ ಅವರು ಊರಿಗೆಲ್ಲ ‘ದಾದಿಯಮ್ಮ’ ಆದರು.

ನಾವಿದ್ದ ಎರಡಂಕಣದ ಮನೆ ಗೌಡರ ಮನೆಯ ಎದುರಿಗಿತ್ತು. ಗೌಡರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹೆಂಡತಿ ನೀಲಮ್ಮನವರೇ ತೋಟ, ಹೊಲ, ಆಳುಕಾಳು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಹಣೆಯ ತುಂಬ ವಿಭೂತಿ, ಗಟ್ಟಿ ದನಿ. ಅವರು ಹಿತ್ತಲಲ್ಲಿ ಆಳನ್ನು ಕರೆದರೆ ಶಾಲೆಯಲ್ಲಿ ನನ್ನ ಮಕ್ಕಳು ಎದ್ದು ನಿಲ್ಲುತ್ತಿದ್ದವು.

ನೀರಿನ ಪಾಠ ನಮಗೆ ಅವರೇ ಹೇಳಿಕೊಟ್ಟರು. ಊರ ನಡುವಿನ ಬಾವಿ ಉಪ್ಪು. ಪಾತ್ರೆಗೆ, ಬಟ್ಟೆಗೆ, ದನಕ್ಕೆ. ಅದರಲ್ಲಿ ಬೇಳೆ ಹಾಕಿದರೆ ಮಧ್ಯಾಹ್ನದವರೆಗೆ ಕುದಿಸಿದರೂ ಕಲ್ಲಾಗಿಯೇ ಇರುತ್ತದೆ. ಬೇಳೆ ಬೇಯುವ ನೀರು ಬೇಕಾದರೆ ಕೆರೆಯ ಅಂಗಳಕ್ಕೆ ಹೋಗಬೇಕು. ಕೆರೆ ಎಂದರೆ ಆಗ ನೀರಿಲ್ಲದ ದೊಡ್ಡ ಬಟ್ಟಲು ಅಷ್ಟೇ. ಆರೇಳು ವರ್ಷದಿಂದ ತುಂಬಿರಲಿಲ್ಲ. ಅದರ ನಡುವೆ ಮರಳಿರುವ ಕಡೆ ಮೊಣಕೈ ಉದ್ದ ತೋಡಿದರೆ ತಳದಲ್ಲಿ ನೀರು ಒಸರುತ್ತದೆ. ಅದಕ್ಕೆ ಚಿಲುಮೆ ಎನ್ನುತ್ತಾರೆ. ತೆಂಗಿನ ಚಿಪ್ಪಿನಲ್ಲಿ ತೋಡಿ ತೋಡಿ ಕೊಡ ತುಂಬಿಸಬೇಕು. ಇನ್ನು ಕುಡಿಯುವ ಸಿಹಿನೀರು ಇದ್ದದ್ದು ನೀಲಮ್ಮನವರ ತೋಟದ ಬಾವಿಯಲ್ಲಿ ಮಾತ್ರ. ಅದೆಷ್ಟು ಆಳವೆಂದರೆ ಎರಡು ಹಗ್ಗ ಕಟ್ಟಿ ಕೊಡ ಇಳಿಸಿದರೆ, ಅದು ನೀರು ಮುಟ್ಟಿದ ಸದ್ದು ಸ್ವಲ್ಪ ಹೊತ್ತು ಬಿಟ್ಟು ಮೇಲೆ ಬರುತ್ತಿತ್ತು. ಊರಿನ ಪ್ರತಿ ಮನೆಯಲ್ಲೂ ಉದ್ದುದ್ದ ಹಗ್ಗದ ಸಿಂಬೆಗಳು ಗೂಟಕ್ಕೆ ನೇತಾಡುತ್ತಿದ್ದವು.

ಆ ಬಾವಿಗೆ ನಾವು ಕೊಡ ಇಳಿಸುವ ಹಾಗಿರಲಿಲ್ಲ. ನೀಲಮ್ಮನವರು ತಾವೇ ಸೇದಿ, ಎತ್ತರದಿಂದ ನಮ್ಮ ಕೊಡಕ್ಕೆ ಸುರಿಯುತ್ತಿದ್ದರು. ಆಗಿನ ರೀತಿ ಅದು. ದಾದಿಮಾಗೂ ಗೊತ್ತಿತ್ತು, ನೀಲಮ್ಮನವರಿಗೂ ಗೊತ್ತಿತ್ತು. ಆದರೆ ನೀರು ಸುರಿಯುವಷ್ಟು ಹೊತ್ತು ಇಬ್ಬರ ಬಾಯೂ ಸುಮ್ಮನಿರುತ್ತಿರಲಿಲ್ಲ.

“ಈ ನೀರಲ್ಲಿ ಚಾ ಚೆನ್ನಾಗಿ ಆಗ್ತದೆ ಗೌಡ್ತಮ್ಮ, ಆದ್ರೆ ನಮ್ಮ ತರೀಕೆರೆ ನೀರಿನಷ್ಟಿಲ್ಲ.”

“ಮತ್ತೆ ತರೀಕೆರೆಗೇ ಹೋಗಿ ಕುಡಿದು ಬನ್ನಿ ದಾದಿಯಮ್ಮ. ನನ್ನ ರಟ್ಟೆಗೂ ಒಂದಿಷ್ಟು ಬಿಡುವು ಸಿಗ್ತದೆ.”

ಇದು ದಿನವೂ ನಡೆಯುತ್ತಿತ್ತು. ಒಂದು ದಿನ ದಾದಿಮಾಗೆ ಮೈ ಹುಷಾರಿಲ್ಲದೆ ನಾನೊಬ್ಬಳೇ ಹೋದರೆ ನೀಲಮ್ಮನವರು ಸುರಿಯುವುದನ್ನು ನಿಲ್ಲಿಸಿ, “ಏನಾಯ್ತು ನಿಮ್ಮಜ್ಜಿಗೆ? ಬೈಯೋರಿಲ್ಲದೆ ಬೇಜಾರಾಗ್ತದೆ ಕಣಮ್ಮ” ಎಂದರು.

ಕೆರೆಯ ಆಚೆ ದಡದಲ್ಲಿ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಅಲ್ಲಿಂದ ಶಾಲೆಗೆ ಒಂದೇ ಒಂದು ಮಗುವೂ ಬರುತ್ತಿರಲಿಲ್ಲ. ಬೇಸಿಗೆಯ ಸಂಜೆಗಳಲ್ಲಿ ನಾನು ಬಿರುಕು ಬಿಟ್ಟ ಕೆರೆ ಅಂಗಳವನ್ನು ಅಡ್ಡ ಹಾಯ್ದು ಹಟ್ಟಿಗೆ ಹೋಗಲು ಶುರು ಮಾಡಿದೆ. ನೇರ ದಾರಿ, ಕುರಿಗಳ ಕಾಲಿಗೆ ಸಿಕ್ಕು ನೆಲ ನುಣುಪಾಗಿತ್ತು. ಹಟ್ಟಿಯಲ್ಲಿ ಮಾತು ನಡೆಯುತ್ತಿದ್ದದ್ದು ಮಾಳಕ್ಕ ಎಂಬ ಹೆಂಗಸಿನದು. ಮೂವತ್ತೈದರ ಆಸುಪಾಸು, ಒಣಕಲು ಮೈ, ಕೈಯಲ್ಲಿ ಯಾವಾಗಲೂ ಉಣ್ಣೆ ನೂಲುವ ಕದಿರು. ಮೊದಲ ದಿನ ಅವಳು ಚಿಲುಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೀರು ತೋಡುತ್ತಿದ್ದಳು. ಅವಳ ಮಗಳು ಕೆಂಚಿ, ಒಂಬತ್ತು ಹತ್ತರ ಹುಡುಗಿ, ಕೊಡ ಹಿಡಿದಿದ್ದಳು.

“ಓದಿದ್ರೆ ಚಿಲುಮೇಲಿ ನೀರು ಜಾಸ್ತಿ ಬತ್ತದಾ ಟೀಚರಮ್ಮ?” ಎಂದು ಮಾಳಕ್ಕ ತಲೆ ಎತ್ತದೆ ಕೇಳಿದಳು.

“ಇಲ್ಲಕ್ಕ. ನೀರು ಅಷ್ಟೇ ಬರ್ತದೆ.”

ಅವಳು ತಲೆ ಎತ್ತಿ ನನ್ನನ್ನು ನೋಡಿ ನಕ್ಕುಬಿಟ್ಟಳು. ಬರುತ್ತದೆ ಎಂದು ಸುಳ್ಳು ಹೇಳುತ್ತೇನೆ ಎಂದುಕೊಂಡಿದ್ದಳೋ ಏನೋ. ಅಂದಿನಿಂದ ನನಗೆ ಹಟ್ಟಿಯಲ್ಲಿ ಕೂರಲು ಕಂಬಳಿ ಸಿಕ್ಕಿತು, ಕುಡಿಯಲು ಕುರಿಹಾಲಿನ ಚಹಾ ಸಿಕ್ಕಿತು. ಆದರೂ ಹುಡುಗಿಯರನ್ನು ಕಳಿಸಲು ಅವರು ಒಪ್ಪಿದ್ದು ಬೇಸಿಗೆ ಕಳೆದ ಮೇಲೆಯೇ. ಜೂನಿನಲ್ಲಿ ಶಾಲೆ ತೆರೆದ ದಿನ ಕೆರೆ ಅಂಗಳದ ಮೇಲೆ ಐದು ಹುಡುಗಿಯರು ಸಾಲಾಗಿ ಬರುವುದನ್ನು ನೋಡುತ್ತಾ ಬಾಗಿಲಲ್ಲಿ ನಿಂತಿದ್ದೆ. ಮುಂದೆ ಕೆಂಚಿ, ಎಣ್ಣೆ ಇಟ್ಟು ಬಿಗಿದು ಕಟ್ಟಿದ ಜಡೆ. ಆ ಹಟ್ಟಿಯಿಂದ ಶಾಲೆಗೆ ಬಂದ ಮೊದಲ ಹೆಣ್ಣುಮಕ್ಕಳು. ನನಗೆ ಆ ದಿನ ಪಾಠ ಮಾಡಲಿಕ್ಕೇ ಆಗಲಿಲ್ಲ, ಬರೀ ಕತೆ ಹೇಳಿದೆ.

ಮುಂಗಾರು ಕೈಕೊಟ್ಟಿತು. ಆಷಾಢದ ಗಾಳಿ ಧೂಳು ತಂದಿತು, ಶ್ರಾವಣದ ತುಂತುರು ನೆಲವನ್ನು ನೆನೆಸುವ ಮೊದಲೇ ಆರಿತು. ಕೆಂಚಿಗೆ ಅಷ್ಟರಲ್ಲಿ ಒತ್ತಕ್ಷರಗಳು ಬಂದಿದ್ದವು. ಅವಳು ಕೆರೆಯ ಒಣಮಣ್ಣಿನ ಮೇಲೆ ಕೋಲಿನಿಂದ ದೊಡ್ಡದಾಗಿ ಬರೆದುಕೊಂಡೇ ಮನೆಗೆ ಹೋಗುತ್ತಿದ್ದಳು.

ಹಸ್ತ ಮಳೆ ಹುಟ್ಟಿದಾಗ ಮೇಲಿನ ಗುಡ್ಡಗಳ ಕಡೆ ಎರಡು ದಿನ ಕಪ್ಪಗೆ ಕಟ್ಟಿಕೊಂಡಿತ್ತು. ಬಿಳಿಕಲ್ಲಹಳ್ಳಿಯಲ್ಲಿ ಬಿಸಿಲು. ಮೂರನೇ ದಿನ, ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ, ದೂರದಲ್ಲಿ ಗೂಡ್ಸ್ ರೈಲು ಹೋಗುವಂಥ ಸದ್ದು ಕೇಳಿಸಿತು. ನಮ್ಮ ಊರಿಗೆ ರೈಲಿಲ್ಲ. ನೀರುಗಂಟಿ ತಿಮ್ಮಯ್ಯ, ಕೆರೆಯ ತೂಬು ತೆಗೆದು ಮುಚ್ಚುವ ಕೆಲಸ ಮನೆತನದಿಂದ ಬಂದವನು, ಇಷ್ಟು ವರ್ಷ ಮಾಡಲು ಕೆಲಸವೇ ಇಲ್ಲದೆ ಅರಳಿಕಟ್ಟೆಯಲ್ಲಿ ಕೂತು ತನ್ನ ಸಾಹಸದ ಕತೆಗಳನ್ನು ಹೇಳುತ್ತಿದ್ದವನು, ಕಟ್ಟೆಯಿಂದ ಹಾರಿ ಕೂಗಿದ: “ಹಳ್ಳ ಬಂತು ಕಣ್ರೋ! ಹಳ್ಳ ಬಂತು!”

ಶಾಲೆ ತಾನಾಗಿ ಬಿಟ್ಟಿತು. ಊರಿಗೆ ಊರೇ ಕೆರೆಯ ಕಡೆ ಓಡಿತು. ನೀರು ಹೀಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಎತ್ತರದ ಅಲೆಯಾಗಿ ಬರುವುದಿಲ್ಲ ಅದು. ಮೊಣಕಾಲಿಗಿಂತ ತಗ್ಗಾದ ಕಂದು ನಾಲಗೆ, ಅಂಚಿಗೆಲ್ಲ ನೊರೆ, ಮುಂದೆ ಒಣ ಎಲೆ, ಕುರಿಹಿಕ್ಕೆ, ಸಾವಿರಾರು ಇರುವೆ. ಒಣ ನೆಲ ಅದನ್ನು ಕುಡಿಯುವಾಗ ಬಿರುಕುಗಳಿಂದ ಗಾಳಿ ಗುಳುಗುಳು ಎಂದು ಮೇಲೆ ಬರುತ್ತಿತ್ತು. ಜನ ನೀರಿಗೆ ಮುಖ ಮಾಡಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ, ಅದು ಕಾಲು ಮುಟ್ಟಲು ಬಿಟ್ಟು ಕಿರುಚಿ ಮತ್ತೆ ಹಿಂದೆ ಸರಿಯುತ್ತಿದ್ದರು. ಹುಟ್ಟಿದಾಗಿನಿಂದ ಕೆರೆಯಲ್ಲಿ ನೀರು ಕಾಣದ ಸಣ್ಣ ಮಕ್ಕಳು ಅಳತೊಡಗಿದವು. ನೀಲಮ್ಮನವರು ಅರಿಸಿನ ಕುಂಕುಮ ತಂದು ಎರಚಿ, ಆ ಕೆಸರು ನೀರನ್ನೇ ಬೊಗಸೆಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡರು. ನಾನು ಹಟ್ಟಿಯ ಐವರನ್ನು ಕೈ ಹಿಡಿದು ಅಂಗಳ ದಾಟಿಸಿ, ಓಡಿ ಹಿಂದಕ್ಕೆ ಬಂದೆ.

ಅಷ್ಟರಲ್ಲಿ ಏರಿಯ ಕಡೆಯಿಂದ ತಿಮ್ಮಯ್ಯನ ಬೊಬ್ಬೆ. ತೂಬಿನ ಬಾಯಿ ಮುಚ್ಚುವ ಮರದ ಬೆಣೆ ಗೆದ್ದಲು ತಿಂದು ಹೋಗಿತ್ತು. ಬಂದ ನೀರೆಲ್ಲ ಆ ತೂತಿನಿಂದ ಆಚೆ ಹೋಗುತ್ತಿತ್ತು. ಹುಲ್ಲು, ಗೋಣಿಚೀಲ, ಮಣ್ಣು ಏನು ತುರುಕಿದರೂ ನಿಲ್ಲಲಿಲ್ಲ.

“ದಪ್ಪ ಬಟ್ಟೆ ತನ್ರೋ! ಕಂಬಳಿ ಸಾಲ್ದು, ದಪ್ಪಗಿರೋದು ಏನಾರಾ ತನ್ರಪ್ಪಾ!”

ದಾದಿಮಾ ಆ ವಯಸ್ಸಿನಲ್ಲಿ ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ವಾಪಸ್ಸು ಬಂದಾಗ ತಲೆಯ ಮೇಲೆ ಅವರ ರಜಾಯಿ ಇತ್ತು. ಮದುವೆಯಲ್ಲಿ ತವರಿನವರು ಕೊಟ್ಟದ್ದು. ಒಳಗೆ ಒತ್ತಿ ತುಂಬಿದ ಹತ್ತಿ, ಮೇಲೆ ಹಸಿರು ಸ್ಯಾಟಿನ್. ನಾನು, “ದಾದಿಮಾ, ಅದಲ್ಲ” ಎಂದೆ.

“ನಕ್ಕೋ ಬೇಟಿ, ಮಾತಾಡಬೇಡ. ಹಿಡ್ಕೋ ತಿಮ್ಮಯ್ಯ.”

ತಿಮ್ಮಯ್ಯ ಮತ್ತು ನಾಲ್ಕು ಜನ ಆ ರಜಾಯಿಯನ್ನು ಸುತ್ತಿ ತೂಬಿನ ಬಾಯಿಗೆ ತುರುಕಿ, ಮೇಲೆ ಮಣ್ಣು ಮೆತ್ತಿದರು. ಹತ್ತಿ ನೀರು ಕುಡಿದು ಊದಿತು. ಆಚೆ ಕಡೆ ಹರಿಯುತ್ತಿದ್ದ ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು. ಊರವರು ಕೂಗಿದ ಕೂಗಿಗೆ ಏರಿ ಮೇಲಿನ ಹಕ್ಕಿಗಳೆಲ್ಲ ಎದ್ದವು. ನೀಲಮ್ಮನವರು ದಾದಿಮಾ ಪಕ್ಕ ಬಂದು ನಿಂತರು. ಆ ಚಳಿಗಾಲಕ್ಕೆ ಅವರ ಮನೆಯಿಂದ ಎರಡು ಕಂಬಳಿ ನಮ್ಮ ಮನೆಗೆ ಬಂದವು.

ಹಸ್ತ ಮುಗಿದು ಚಿತ್ತೆ ಬಂದಾಗ ಊರಿನ ಮೇಲೂ ಮಳೆ ಹೊಡೆಯಿತು. ಕೆರೆ ತುಂಬಿ ಕೋಡಿ ಬಿತ್ತು. ಹೆಚ್ಚಾದ ನೀರು ಏರಿಯ ಕೊನೆಯಲ್ಲಿದ್ದ ಕಲ್ಲಿನ ಕಟ್ಟೆ ಹಾರಿ ಹೋಗುವುದನ್ನು ನೋಡಲು ಸುತ್ತಲಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದರು. ಬಾವಿಗಳಲ್ಲಿ ನೀರು ದಿನದಿಂದ ದಿನಕ್ಕೆ ಮೇಲೇರಿ, ನೀಲಮ್ಮನವರ ತೋಟದ ಬಾವಿಯಲ್ಲಿ ಬಗ್ಗಿದರೆ ಕೈಗೆ ಸಿಗುವಷ್ಟಾಯಿತು. ಒಂದು ಬೆಳಿಗ್ಗೆ ನಾವು ಹೋದಾಗ ನೀಲಮ್ಮನವರು ದೂರದಲ್ಲಿ ತೆಂಗಿನ ಪಾತಿ ಮಾಡಿಸುತ್ತಿದ್ದರು. ದಾದಿಮಾ ಸ್ವಲ್ಪ ಹೊತ್ತು ಕಾದರು. ಆಮೇಲೆ ಬಗ್ಗಿ, ಕೊಡವನ್ನು ನೀರಿಗೆ ಒತ್ತಿ, ತುಂಬಿಸಿಕೊಂಡರು. ತಲೆ ಎತ್ತಿದರೆ ನೀಲಮ್ಮನವರು ಇತ್ತಲೇ ನೋಡುತ್ತಿದ್ದಾರೆ.

“ಬಾಯಿವರೆಗೂ ತುಂಬ್ಕೊಳಿ ದಾದಿಯಮ್ಮ,” ಎಂದು ಅಲ್ಲಿಂದಲೇ ಕೂಗಿ, ಪಾತಿಯ ಕಡೆ ತಿರುಗಿಕೊಂಡರು. ಆಮೇಲೆ ಯಾವತ್ತೂ ಅವರು ನಮಗೆ ನೀರು ಸುರಿಯಲಿಲ್ಲ.

ಇಷ್ಟು ಸಂತೋಷದ ನಡುವೆ ನನಗೊಂದು ಸಂಕಟ ಹುಟ್ಟಿಕೊಂಡಿತು. ದಸರಾ ರಜೆ ಮುಗಿದು ಶಾಲೆ ತೆರೆದರೆ ಹಟ್ಟಿಯ ಹುಡುಗಿಯರಿಲ್ಲ. ಬರುವುದು ಹೇಗೆ? ದಾರಿ ನೀರಿನ ಕೆಳಗಿತ್ತು. ಏರಿ ಮೇಲೆ ಬರಲು ಕೋಡಿಯ ಸೆಳೆತ ಬಿಡುತ್ತಿರಲಿಲ್ಲ. ಮೇಲ್ಗಡೆ ಸುತ್ತಿ ಬರಲು ಹಳ್ಳದ ಬಾಯಲ್ಲಿ ತೊಡೆಯುದ್ದ ಕೆಸರು. ಬೆಳಿಗ್ಗೆ ಗಂಟೆ ಹೊಡೆದಾಗ ಆಚೆ ದಡದಲ್ಲಿ ಐದು ಲಂಗಗಳು ಬಂದು ನಿಲ್ಲುತ್ತಿದ್ದವು. ನಾವು ಪ್ರಾರ್ಥನೆ ಹಾಡಿದರೆ ಅವರೂ ಅಲ್ಲಿಂದ ಹಾಡುತ್ತಿದ್ದರು. ನೀರಿನ ಮೇಲೆ ದನಿ ಚೆನ್ನಾಗಿ ಬರುತ್ತದೆ. ಹಾಡು ಮುಗಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ನಿಂತು ಕುರಿಗಳ ಹಿಂದೆ ಹೋಗಿಬಿಡುತ್ತಿದ್ದರು. ದಿನ ಕಳೆದಂತೆ ಐದು ಲಂಗಗಳು ಮೂರಾದವು. ಒಂದು ದಿನ ಕೆಂಚಿ ಒಬ್ಬಳೇ ನಿಂತಿದ್ದಳು.

ಮಾಳಕ್ಕ ಅಲ್ಲಿಂದ ಕೈ ಬಾಯಿಗಿಟ್ಟು ಕೂಗಿದಳು: “ಇನ್ನು ಬಿಟ್ಬುಡಿ ಟೀಚರಮ್ಮ! ಕೆರೆ ಇಂಗಿದ್ ಮ್ಯಾಲೆ ನೋಡಾನ!”

ಕೆರೆ ಇಂಗುವುದು ಯಾವಾಗ? ಅಷ್ಟರಲ್ಲಿ ಕೆಂಚಿಗೆ ಮದುವೆ ಮಾತು ಬಂದರೂ ಆಶ್ಚರ್ಯವಿರಲಿಲ್ಲ. ಆ ಸಂಜೆ ನಾನು ಅಡಿಗೆಮನೆಯಲ್ಲಿ ಸುಮ್ಮನೆ ಕೂತಿದ್ದೆ. ತಿಮ್ಮಯ್ಯ ಬಾಗಿಲಿಗೆ ಬಂದಿದ್ದ, ದಾದಿಮಾ ಕೈಯ ಚಹಾಕ್ಕೆ. ಅವನೇ ಹೇಳಿದ್ದು.

“ನಮ್ಮಪ್ಪನ ಕಾಲ್ದಾಗೆ ಕೆರೆ ತುಂಬಿದಾಗ ಗೌಡ್ರ ಕೊಪ್ಪರಿಗೇಲಿ ಕುಂತು ಆಚೀಗ್ ಹೋಯ್ತಿದ್ರು ಕಣಮ್ಮ. ನಾನೂ ಹುಟ್ಟು ಹಾಕಿದೀನಿ.”

ಕೊಪ್ಪರಿಗೆ ಎಂದರೆ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಬಾಣಲೆ. ಕಬ್ಬಿಣದ ತಗಡಿನದು, ಆರೆಂಟು ಜನ ಒಳಗೆ ಕೂರಬಹುದು. ಕೆರೆ ಬತ್ತಿ ಕಬ್ಬು ನಿಂತಾಗಿನಿಂದ ಅದು ನೀಲಮ್ಮನವರ ಕೊಟ್ಟಿಗೆಯಲ್ಲಿ ಬೋರಲು ಬಿದ್ದಿತ್ತು, ಕೋಳಿಗಳು ಅದರಡಿ ಮೊಟ್ಟೆ ಇಡುತ್ತಿದ್ದವು. ನಾನು ಮಾರನೇ ದಿನವೇ ಹೋಗಿ ಕೇಳಿದೆ. ನೀಲಮ್ಮನವರು ಖಡಾಖಂಡಿತ ಇಲ್ಲ ಎಂದರು.

“ನಮ್ಮ ಯಜಮಾನ್ರು ಮಾಡಿಸಿದ್ದು ಅದು. ಈ ಸಲ ಕಬ್ಬು ಹಾಕ್ತೀನಿ, ಬೆಲ್ಲಕ್ಕೆ ಬೇಕು. ಅದರಾಗೆ ಕುರಿಹಟ್ಟಿ ಮಕ್ಳು ಕೆಸರುಗಾಲಲ್ಲಿ ಕುಣೀಬೇಕಾ? ಆಮೇಲೆ ಒಂದು ಮಗ ನೀರಿಗೆ ಬಿದ್ರೆ ಯಾರು ಹೊಣೆ? ಆಗಲ್ಲ ಕಣಮ್ಮ, ಹೋಗಿ ಪಾಠ ಮಾಡು.”

ನಾನು ಕಣ್ಣು ಒರೆಸಿಕೊಳ್ಳುತ್ತಾ ಮನೆಗೆ ಬಂದೆ. ದಾದಿಮಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಎಲ್ಲ ಕೇಳಿಸಿಕೊಂಡು, ಸೆರಗು ತಲೆಗೆ ಹೊದ್ದು, ರಸ್ತೆ ದಾಟಿ ಗೌಡರ ಜಗಲಿಯ ಮುಂದೆ ನಿಂತರು. ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ.

“ಗೌಡ್ತಮ್ಮ, ಕೊಪ್ಪರಿಗೆ ಕೊಡಲ್ಲ ಅಂದ್ರಂತೆ.”

“ಹೂಂ, ಅಂದೆ.”

“ನನ್ನ ಮದುವೆ ರಜಾಯಿ ನಿಮ್ಮ ಕೆರೆಯ ತಳದಲ್ಲಿದೆ. ನಿಮ್ಮ ಯಜಮಾನ್ರ ಕೊಪ್ಪರಿಗೆ ಅದೇ ಕೆರೆ ಮೇಲಿದ್ರೆ ಏನು ತಪ್ಪು?”

ನೀಲಮ್ಮನವರು ಜಗಲಿಯ ಕಂಬ ಹಿಡಿದು ಬೀದಿಯ ಕಡೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ಅವರು ನಗುವುದು ಹಾಗೆ, ಸದ್ದು ಕೊನೆಗೆ ಬರುತ್ತಿತ್ತು.

“ಎಷ್ಟು ದಿನದಿಂದ ಈ ಮಾತನ್ನ ಇಟ್ಕೊಂಡಿದ್ರಿ?”

“ಈಗ ಬರ್ತಾ ದಾರೀಲಿ ಸಿಕ್ತು.”

“ಲೇ, ಯಾರಿದೀರೋ ಅಲ್ಲಿ? ಕೋಳಿ ಓಡಿಸ್ರೋ, ಕೊಪ್ಪರಿಗೆ ತೆಗೀರಿ!”

ಆ ಮಧ್ಯಾಹ್ನವೇ ಕೊಪ್ಪರಿಗೆ ನೀರಿಗಿಳಿಯಿತು. ತಿಮ್ಮಯ್ಯ ಬಿದಿರಿನ ಗಳ ಹಿಡಿದು, ಎದೆ ಉಬ್ಬಿಸಿ ಹತ್ತಿ ನಿಂತ. ಗಳ ಊರಿದ. ಕೊಪ್ಪರಿಗೆ ಇದ್ದಲ್ಲೇ ಗಿರ್ರನೆ ತಿರುಗಿತು. ಇನ್ನೊಂದು ಕಡೆ ಊರಿದ. ಆ ಕಡೆಯಿಂದ ಈ ಕಡೆಗೆ ತಿರುಗಿತು. ಊರವರು ದಡದ ಮೇಲೆ ಬಿದ್ದು ಬಿದ್ದು ನಕ್ಕರು. ತಿಮ್ಮಯ್ಯ ತಲೆ ಸುತ್ತಿ ಕೂತುಬಿಟ್ಟ. ಇನ್ನೂ ತಳ ಸಿಗುವ ಕಡೆಯೇ ಹೀಗಾದರೆ ನಡುವಿನ ಆಳದಲ್ಲಿ ಗತಿಯೇನು?

ಆಗ ನನಗೆ ಗೂಟಕ್ಕೆ ನೇತಾಡುವ ಹಗ್ಗಗಳು ನೆನಪಾದವು. ನೀರು ಕೈಗೆ ಸಿಗುವಾಗ ಬಾವಿ ಹಗ್ಗಕ್ಕೆ ಏನು ಕೆಲಸ? ಮಕ್ಕಳನ್ನು ಮನೆಮನೆಗೆ ಕಳಿಸಿದೆ. ಒಬ್ಬರೂ ಇಲ್ಲ ಎನ್ನಲಿಲ್ಲ. ತೆಂಗಿನ ನಾರಿನವು, ಕತ್ತಾಳೆಯವು, ಸವೆದವು, ಹೊಸವು, ಎಲ್ಲವನ್ನೂ ಗಂಟು ಹಾಕಿ ಎರಡು ಉದ್ದ ಹಗ್ಗ ಮಾಡಿದೆವು. ಕೊಪ್ಪರಿಗೆಯ ಎರಡು ಕಡೆಯ ಬಳೆಗೆ ಒಂದೊಂದು. ಒಂದು ಈ ದಡದವರ ಕೈಗೆ, ಒಂದು ಆ ದಡದವರ ಕೈಗೆ. ತಿಮ್ಮಯ್ಯ ಸೋರೆಬುರುಡೆ ಕಟ್ಟಿಕೊಂಡು, ಹಗ್ಗದ ತುದಿ ಸೊಂಟಕ್ಕೆ ಬಿಗಿದು ಆಚೆಗೆ ಈಜಿದ. ಈಜುವುದರಲ್ಲಿ ಅವನು ಹೇಳಿದ್ದೆಲ್ಲ ನಿಜವಾಗಿತ್ತು.

ಹಟ್ಟಿಯವರು ಖಾಲಿ ಕೊಪ್ಪರಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೊದಲು ಅದಕ್ಕೆ ಹತ್ತಿಸಿದ್ದು ಎರಡು ಕುರಿಗಳನ್ನು. ನಾವು ಈ ಕಡೆ ಎಳೆದೆವು. ಕುರಿಗಳು ಹೆದರದೆ, ಮೇವು ಮೆಲುಕು ಹಾಕುತ್ತಾ ಬಂದಿಳಿದವು. ಮತ್ತೆ ಅವನ್ನೇ ಹತ್ತಿಸಿ ಕಳಿಸಿದೆವು. ಹಟ್ಟಿಯ ಗಂಡಸರು ಅವುಗಳ ಕಾಲು ಹೊಟ್ಟೆ ಮುಟ್ಟಿ ನೋಡಿ ತಲೆಯಾಡಿಸಿದರು. ಆದರೆ ಮಾಳಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದಳು.

“ಕುರಿ ಸರಿ. ನೀವು ಬನ್ನಿ ಟೀಚರಮ್ಮ! ನೀವು ಅದ್ರಾಗೆ ಕುಂತು ಬಂದ್ರೆ ನನ್ ಮಗ್ಳುನ್ನ ಕಳುಸ್ತೀನಿ!”

ನನಗೆ ನೀರೆಂದರೆ ಭಯ. ತರೀಕೆರೆಯ ಕಾಲುವೆಗೇ ಪಾದಕ್ಕಿಂತ ಹೆಚ್ಚು ಇಳಿದವಳಲ್ಲ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು, ಗಾಳಿಯೂ ಇರಲಿಲ್ಲ. ನೆಪ ಹೇಳಲು ಏನೂ ಉಳಿದಿರಲಿಲ್ಲ. ದಾದಿಮಾ ನನ್ನ ಮುಖ ನೋಡಿದರು. ‘ಬೇಡ’ ಎನ್ನುತ್ತಾರೆಂದು ಕಾದೆ. ಅವರು ನನ್ನ ಚಪ್ಪಲಿಗಳನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು, ಅಷ್ಟೇ.

ಹತ್ತಿ ನಡುವೆ ಕೂತು ಎರಡೂ ಅಂಚು ಹಿಡಿದುಕೊಂಡು ಕಣ್ಣು ಮುಚ್ಚಿದೆ. ಹಗ್ಗ ಬಿಗಿಯಿತು. ತಗಡಿನ ಅಡಿಯಲ್ಲಿ ನೀರು ತಟ್ಟುವ ಸದ್ದು ಬೆನ್ನುಮೂಳೆಯವರೆಗೆ ಕೇಳುತ್ತಿತ್ತು. ಬಾಯಿಗೆ ಬಂದದ್ದೆಲ್ಲ ಓದಿಕೊಂಡೆ, ಶಾಲೆಯ ಪ್ರಾರ್ಥನೆ ಸಹ. ಸ್ವಲ್ಪ ಹೊತ್ತಾದ ಮೇಲೆ ಏನೂ ಆಗುತ್ತಿಲ್ಲವಲ್ಲ ಎನಿಸಿ ಒಂದು ಕಣ್ಣು ತೆರೆದೆ. ಕೆರೆಯ ನಟ್ಟನಡುವಿದ್ದೆ. ಬೇಸಿಗೆಯಲ್ಲಿ ಇದೇ ಜಾಗದಲ್ಲಿ ಒಣಮಣ್ಣು ತುಳಿದು ನಡೆಯುತ್ತಿದ್ದವಳು, ಈಗ ಅದಕ್ಕಿಂತ ಎರಡಾಳು ಎತ್ತರದಲ್ಲಿ ಕೂತಿದ್ದೆ. ಸುತ್ತ ನೀರು ಕೆಂಪಾಗಿ, ಮೋಡಗಳನ್ನೆಲ್ಲ ಹೊತ್ತು ಅಲುಗುತ್ತಿತ್ತು. ನೀರುಕೋಳಿಯೊಂದು ನನ್ನ ಪಕ್ಕದಲ್ಲೇ ಮುಳುಗಿ ದೂರದಲ್ಲಿ ಎದ್ದಿತು. ಎರಡೂ ದಡದಲ್ಲಿ ಜನ ಹಗ್ಗ ಹಿಡಿದು ನಿಂತಿದ್ದಾರೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನನಗೆ ಯಾಕೋ ಜೋರಾಗಿ ನಗು ಬಂತು. ಒಂದು ಕೈ ಬಿಟ್ಟು ಬೀಸಿದೆ. ಆಚೆ ದಡದಿಂದ ಕೆಂಚಿ ಕುಣಿಯುತ್ತಾ ಕೂಗಿದಳು.

ಮಾಳಕ್ಕ ಮೊಣಕಾಲುದ್ದ ನೀರಿಗಿಳಿದು ನನ್ನ ಕೈ ಹಿಡಿದಳು. “ಹೆದ್ರಿದ್ರಾ?”

“ಬಹಳ.”

“ನಂಗೂ ಕಾಣ್ತು,” ಎಂದು ಅವಳು ಮಗಳನ್ನು ಎತ್ತಿ ಕೊಪ್ಪರಿಗೆಯೊಳಗೆ ಇಟ್ಟಳು. “ನಾಳೆಗ್ಯಾಕೆ, ಇವತ್ತೇ ಒಂದು ಸಲ ಹೋಗ್ ಬರ್ಲಿ.”

ಮಾರನೇ ದಿನದಿಂದ ಐವರೂ ಬಂದರು. ಬರುವುದು ಒಂದೊಂದು ದಿನ ತಡವಾಗುತ್ತಿತ್ತು. ಬೆಳಗಿನ ಮಂಜಿನಲ್ಲಿ ಕೊಪ್ಪರಿಗೆ ಕಾಣುತ್ತಲೂ ಇರಲಿಲ್ಲ. ಕಾಯುವುದೇಕೆಂದು ನಾನು ಮಕ್ಕಳನ್ನೆಲ್ಲ ದಡಕ್ಕೇ ಕರೆತಂದು ಹಾಜರಿ ಕೂಗಲು ಶುರು ಮಾಡಿದೆ. ಈಚೆಯ ಮಕ್ಕಳದು ಮುಗಿದ ಮೇಲೆ “ಕೆಂಚಮ್ಮ” ಎಂದು ಕೂಗಿದರೆ, ಮಂಜಿನೊಳಗಿಂದ, ನೀರಿನ ಮೇಲಿಂದ, “ಹಾಜರ್ ಟೀಚರ್!” ಎಂದು ಬರುತ್ತಿತ್ತು. ಅದರ ಹಿಂದೆಯೇ ಇನ್ನೂ ನಾಲ್ಕು ದನಿ. ಹಗ್ಗ ಎಳೆಯುವ ಪಾಳಿಗಾಗಿ ಹುಡುಗರು ಜಗಳವಾಡಿದರು. ಎಂದೂ ಶಾಲೆಗೆ ಬಾರದವರ ಮಕ್ಕಳೂ ಹಗ್ಗ ಎಳೆಯುವ ಆಸೆಗೆ ಬಂದು, ಒಳಗೆ ಕೂತು, ಅಆಇಈ ಕಲಿತವು.

ಸಂಕ್ರಾಂತಿಯ ಹೊತ್ತಿಗೆ ನೀರು ಹಿಂದೆ ಸರಿಯಿತು. ಕೋಡಿ ನಿಂತು ಏರಿ ಮೇಲೆ ನಡೆದು ಬರುವ ದಾರಿ ತೆರೆಯಿತು. ನೀಲಮ್ಮನವರ ಹೊಲದಲ್ಲಿ ಕಬ್ಬು ಮೊಳಕಾಲೆತ್ತರ ಬಂದಿತ್ತು. ಕೊಪ್ಪರಿಗೆಯ ಕೆಲಸ ಮುಗಿಯಿತು, ನಾಳೆ ಎತ್ತಿಸಿ ತೊಳೆಸುತ್ತೇನೆ ಎಂದರು. ಆ ಸಂಜೆ ಶಾಲೆ ಬಿಟ್ಟ ಮೇಲೆ ನೋಡಿದರೆ ದಡದಲ್ಲಿ ನೀಲಮ್ಮನವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ದಾದಿಮಾ.

“ಊರೆಲ್ಲ ಕುಂತಾಯ್ತು, ಕುರಿನೂ ಕುಂತಾಯ್ತು. ನಮ್ಮನೆ ಕೊಪ್ಪರಿಗೆ, ನಾನೇ ಕುಂತಿಲ್ಲ. ಹತ್ತಿ ದಾದಿಯಮ್ಮ.”

ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದು ಹತ್ತಿ ಎದುರುಬದುರು ಕೂತರು. ಕೊಪ್ಪರಿಗೆ ಒಂದು ಕಡೆ ವಾಲಿತು. ಯಾರ ಕಡೆ ಎಂಬ ಬಗ್ಗೆ ಒಂದು ಸಣ್ಣ ವಾಗ್ವಾದ ನಡೆಯಿತು. ಆಚೆ ದಡದಲ್ಲಿ ಕೆಂಚಿ ಮತ್ತು ಅವಳ ಜೊತೆಯವರು ಹಗ್ಗ ಎಳೆದರು. ನಡುನೀರಿಗೆ ಬಂದಾಗ ಹುಡುಗಿಯರು ತುಂಟತನಕ್ಕೆ ಎಳೆಯುವುದನ್ನು ನಿಲ್ಲಿಸಿಬಿಟ್ಟರು. ನಾನು ಗದರಬೇಕೆಂದು ಬಾಯಿಗೆ ಕೈ ಇಟ್ಟುಕೊಂಡೆ.

ಅಷ್ಟರಲ್ಲಿ ನೀಲಮ್ಮನವರ ಗಟ್ಟಿ ದನಿ ನೀರಿನ ಮೇಲೆ ಹಾಯ್ದು ಬಂತು. “ಎಳೀರೇ ಲೇ, ಕತ್ತಲೆ ಆಗ್ತಾ ಬಂತು!”

ಅದರ ಬೆನ್ನಿಗೇ ದಾದಿಮಾ ದನಿ: “ನಕ್ಕೋ, ಎಳೀಬೇಡಿ. ಸ್ವಲ್ಪ ಹೊತ್ತು ಇಲ್ಲೇ ಇರ್ಲಿ.”

ನೀಲಮ್ಮನವರು ಮತ್ತೆ ಕೂಗುತ್ತಾರೆಂದು ಹುಡುಗಿಯರು ಹಗ್ಗ ಹಿಡಿದು ಕಾದರು. ಅವರು ಕೈಯನ್ನು ನೀರಿಗಿಳಿಬಿಟ್ಟು, ಹಿಂದಕ್ಕೆ ಒರಗಿ ಕೂತರು.